ಬೀಗರ ಬುತ್ತಿ

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ವಿಷವಿದೆ ಎಂದು ಗೊತ್ತಾದ ಮೇಲೆ ನನಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಈ ಸಲ ನೋಡಲು ಬಂದವರು ನೀರು, ಬುತ್ತಿ ಎರಡನ್ನೂ ಮನೆಯಿಂದಲೇ ತಂದಿದ್ದರು.

ಹುಡುಗನ ತಾಯಿ ನನ್ನ ಅಂಗೈಯನ್ನು ಬೆಳಕಿಗೆ ಹಿಡಿದರು. “ಈ ನೀರು ಕುಡದೋರಿಗೆ ಅಂಗೈಯಾಗ ಚುಕ್ಕಿ ಬೀಳ್ತಾವಂತ. ಇಕಿಗಿಲ್ಲ ಬಿಡ್ರಿ.”

“ನಾವು ಟ್ಯಾಂಕರ್ ನೀರು ಕುಡಿತೀವ್ರಿ ಅಕ್ಕಾರ,” ಎಂದಳು ಅವ್ವ. “ಬೋರಿನ ನೀರು ಬರೇ ಭತ್ತದ ಗದ್ದಿಗೆ ಬಿಡ್ತೀವಿ.”

“ಹಂಗಾದ್ರ ಚಿಂತಿಲ್ಲ.”

ಅವರು ಬುತ್ತಿ ಬಿಚ್ಚಿದರು. ಮೊಸರನ್ನ. ಹುಡುಗ ಮತ್ತೆ ಮತ್ತೆ ಹಾಕಿಸಿಕೊಂಡ. ನಾವು ಎಂದಿನಂತೆ ಜೋಳದ ರೊಟ್ಟಿ ಮುರಿದೆವು.

“ಭತ್ತ ಬೆಳೀತೀರಿ, ಅನ್ನ ಉಣ್ಣಂಗಿಲ್ಲೇನು?” ಎಂದು ಹುಡುಗ ಕೇಳಿದ.

“ಬೆಳದದ್ದೆಲ್ಲಾ ಮಿಲ್ಲಿಗೆ ಮಾರ್ತೀವಪ್ಪಾ,” ಎಂದ ಅಪ್ಪ.

“ಅದನ್ನ ಯಾರು ಉಣ್ತಾರೋ, ಪಾಪ!” ಹುಡುಗನ ತಾಯಿ ನಕ್ಕರು. “ನಮ್ಮನ್ಯಾಗ ನವಿಲು ಮಾರ್ಕಿನ ಅಕ್ಕಿ ಬಿಟ್ರ ಬ್ಯಾರೆ ಮುಟ್ಟಂಗಿಲ್ಲ. ಹುಡುಗಿ ಒಪ್ಪಿಗಿ ಆತು ನೋಡ್ರಿ. ನಮ್ಮ ಮನಿಗೆ ಬಂದ್ರ ಮೂರ್ಹೊತ್ತೂ ಅದೇ ಅನ್ನ!”

ಅವ್ವ ಎದ್ದು ಹೋಗಿ, ಮಿಲ್ಲಿನವರು ನಮ್ಮ ಭತ್ತ ತುಂಬಲು ಕೊಟ್ಟಿದ್ದ ನವಿಲಿನ ಚಿತ್ರದ ಚೀಲಗಳ ಮೇಲೆ ಕೌದಿ ಹೊದಿಸಿದಳು.