ನೆನಪು ತರಬೇಡಿ

ಮೊಮ್ಮಗಳ ಮೊದಲ ಹುಟ್ಟುಹಬ್ಬದ ಆಮಂತ್ರಣದಲ್ಲಿ ಸುಗುಣಮ್ಮ ಹಟ ಹಿಡಿದು ಒಂದು ಸಾಲು ಹಾಕಿಸಿದ್ದರು: ‘ದಯವಿಟ್ಟು ಯಾರೂ ನೆನಪುಗಳನ್ನು ತರಬೇಡಿ.’ ಆದರೂ ನಾದಿನಿ ಮಂದಾಕಿನಿ ನೆನಪು ತುಂಬಿದ ಡಬ್ಬಿ ಹಿಡಿದೇ ಬಂದರು. ಅದನ್ನು ಮಗುವಿನ ಹಣೆಗೆ ತಾಗಿಸಿದರೆ ಸಾಕು, ನೆನಪು ಮಗುವಿನದಾಗುತ್ತಿತ್ತು, ಕೊಟ್ಟವರಲ್ಲಿ ಉಳಿಯುತ್ತಿರಲಿಲ್ಲ.

“ಬರಿಗೈಯಲ್ಲಿ ಬರೋಕೆ ನಾನೇನು ಹೊರಗಿನವಳಾ ಅತ್ತಿಗೆ? ನಮ್ಮಮ್ಮ ನನಗೆ ತಲೆ ಬಾಚಿದ ನೆನಪು ಇದು.”

ಮಗುವನ್ನು ಎತ್ತಿಕೊಂಡಿದ್ದ ಸುಗುಣಮ್ಮ ಬಾಗಿಲಲ್ಲೇ ತಡೆದರು. “ಅತ್ತೆಯವರ ನೆನಪು ನಿನ್ನ ಹತ್ತಿರ ಬೇರೆ ಏನಿದೆ?”

ಮಂದಾಕಿನಿ ತಲೆ ತಗ್ಗಿಸಿದರು. “ಮಿಕ್ಕಿದ್ದೆಲ್ಲ ಅವರಿವರ ಮನೆ ಮಕ್ಕಳಿಗೆ ಕೊಟ್ಟಾಯ್ತು. ಇದೊಂದೇ.”

“ಹಾಗಾದ್ರೆ ಇದು ಒಳಗೆ ಬರಲ್ಲ.”

ಹಿಂದೆ ನಿಂತಿದ್ದ ಬೀಗಿತ್ತಿ ಮೂತಿ ತಿರುವಿದರು. “ಎಲ್ಲರನ್ನೂ ಹೀಗೇ ತಡೆದ್ರೆ ಮಗು ಖಾಲಿ ತಲೆಯಲ್ಲಿ ಬೆಳೀಬೇಕಾ?”

“ಬೆಳೀಲಿ ಬಿಡಿ. ಅವಳ ತಲೆ ಅವಳೇ ತುಂಬಿಸಿಕೊಳ್ತಾಳೆ,” ಎಂದು ಸುಗುಣಮ್ಮ ಡಬ್ಬಿಯನ್ನು ನಾದಿನಿಯ ಚೀಲಕ್ಕೆ ತುರುಕಿ, ಮಗುವನ್ನು ಅವರ ಕಂಕುಳಿಗೆ ಕೊಟ್ಟರು. “ಕೊಡಬೇಡ ಮಂದಾ. ಹೇಳು.”

ಮಂದಾಕಿನಿ ಮಗುವಿನ ಗುಂಗುರು ಕೂದಲಲ್ಲಿ ಮೆಲ್ಲಗೆ ಕೈಯಾಡಿಸುತ್ತ ಶುರು ಮಾಡಿದರು. “ನಮ್ಮಮ್ಮ ಮೊದಲು ಬೆರಳಲ್ಲೇ ಸಿಕ್ಕು ಬಿಡಿಸ್ತಿದ್ಲು ಪುಟ್ಟಿ, ಬಾಚಣಿಗೆ ಆಮೇಲೆ. ನನಗೆ ನೋವಾಗಬಾರದು ಅಂತ…”