ಪೊರೆ ಕಟ್ಟುವ ತನಕ

"ಕಾಬಾಳೆ ಗೆಡ್ಡೆ ಎರಡು ಭಾಗ ಮಾಡಿಕೊಡಿ, ಅರ್ಧ ನಾನು ತಗೊಂಡು ಹೋಗ್ತೀನಿ," ಎಂದಳು ಹೆಂಡತಿ. ಬಟ್ಟೆ ತುಂಬಿದ ಸೂಟ್‌ಕೇಸ್ ಬಾಗಿಲ ಬಳಿ ನಿಂತಿತ್ತು. ಅಕ್ಕನ ಮನೆಗೆ ಹೊರಟಿದ್ದಳು. ತಿರುಗಿ ಬರುವ ಮಾತಿರಲಿಲ್ಲ.

ನರ್ಸರಿ ನಡೆಸುವ ಗಂಡ ತುಟಿ ಪಿಟಕ್ಕೆನ್ನದೆ ಆ ಹೂಗಿಡದ ಬುಡ ಅಗೆದ. ಅವನ ಆ ಮೌನಕ್ಕೆ ಸಾಕಾಗಿಯೇ ಅವಳು ಹೊರಟಿದ್ದು. "ಗಿಡಗಳ ಜೊತೆ ಆಡೋ ಮಾತಲ್ಲಿ ಕಾಲುಭಾಗ ನನ್ನ ಜೊತೆ ಆಡಿದ್ರೆ ಸಾಕಿತ್ತು," ಎಂದು ಹಿಂದಿನ ದಿನ ಅತ್ತಿದ್ದಳು. ಆಗಲೂ ಪುಣ್ಯಾತ್ಮ ಗೋಡೆ ನೋಡುತ್ತ ಕೂತಿದ್ದ. ಹೋಗಬೇಡ ಎನ್ನಬೇಕೆಂದಿದ್ದ, ಎನ್ನಲಾಗಲಿಲ್ಲ.

ಗೆಡ್ಡೆಯನ್ನು ಕೊಯ್ದವನು ಅವಳ ಪಾಲನ್ನು ಕೈಗೆ ಕೊಡದೆ ಶೆಡ್ಡಿನ ಹಲಗೆಯ ಮೇಲಿಟ್ಟ.

"ಈಗಲೇ ಒಯ್ಯೋ ಹಾಗಿಲ್ಲ. ಕೊಯ್ದ ಕಡೆ ಒಣಗಿ ಪೊರೆ ಕಟ್ಟಬೇಕು. ಹಸಿ ಗಾಯದಲ್ಲೇ ಮಣ್ಣಿಗಿಟ್ರೆ ಕೊಳೆತುಹೋಗುತ್ತೆ."

"ಅಲ್ಲೇ ಒಣಗಿಸ್ಕೋತೀನಿ."

"ಸೂಟ್‌ಕೇಸಲ್ಲಿ ಬೂಷ್ಟು ಹಿಡಿಯುತ್ತೆ."

"ಎಷ್ಟು ದಿನ ಬೇಕು?"

"ಒಂದು... ವಾರ."

ಮೀನಿಗೆ ಈಜು ಕಲಿಸಲು ಹೊರಟಂತಾಯಿತು. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಡಂ. ನೆಲದೊಳಗಿನ ಕಾಂಡ ತನ್ನ ಗಾಯಕ್ಕೆ ತಾನೇ ಬಿರಡೆಯಂಥ ಪೊರೆ ಹೊದಿಸಿಕೊಳ್ಳುವುದನ್ನು ವರ್ಷ ವರ್ಷವೂ ಪಾಠ ಮಾಡಿದವಳು. ಅದಕ್ಕೆ ಎರಡು ಮೂರು ದಿನ ಸಾಕೆಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂದು ಅವನಿಗೂ ಗೊತ್ತು. ಅವನ ಕಿವಿ ಕೆಂಪಗಾದವು.

ಅವಳು ಅವನ ಮುಖವನ್ನೇ ನೋಡಿದಳು. "ವಾರಾನೇ ಆಗಲಿ," ಎಂದು ಸೂಟ್‌ಕೇಸನ್ನು ಒಳಗಿಟ್ಟಳು. ಬಿಚ್ಚಲಿಲ್ಲ.

ಆ ವಾರ ಅವನು ಮಾತಾಡಲು ಪಟ್ಟ ಪಾಡು ಶತ್ರುವಿಗೂ ಬೇಡ. ಊಟಕ್ಕೆ ಕೂತಾಗ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಇವತ್ತೊಬ್ರು ಬಂದು, ನೀರು ಹಾಕದೆ ಬೆಳೆಯೋ ಗುಲಾಬಿ ಕೊಡಿ ಅಂದ್ರು," ಎಂದ.

"ನೀವೇನಂದ್ರಿ?"

"ಬಟ್ಟೆ ಅಂಗಡೀಲಿ ಕೇಳಿ, ಪರದೆ ಮೇಲೆ ಸಿಗುತ್ತೆ ಅಂದೆ."

ಅವಳು ನಕ್ಕುಬಿಟ್ಟಳು. ಅವನಿಗೆ ಹೋದ ಜೀವ ಬಂದಂತಾಯಿತು. ಸೂಟ್‌ಕೇಸ್ ಮಾತ್ರ ಹಾಗೇ ಇತ್ತು.

ವಾರ ಮುಗಿದ ಬೆಳಿಗ್ಗೆ ಅವನು ಕಾಲೆಳೆದುಕೊಂಡು ಶೆಡ್ಡಿಗೆ ಹೋದ. ಇಷ್ಟರಲ್ಲಿ ಪೊರೆ ಗಟ್ಟಿಯಾಗಿರುತ್ತದೆ, ಇನ್ನು ಹೇಳಲು ನೆಪವಿಲ್ಲ. ಎದೆ ಗಟ್ಟಿಮಾಡಿಕೊಂಡು ಗೆಡ್ಡೆಯನ್ನು ಕೈಗೆತ್ತಿಕೊಂಡ.

ಕೊಯ್ದ ಕಡೆ ಬೆಳ್ಳಗೆ, ಹಸಿಹಸಿಯಾಗಿ ನೀರೊಸರುತ್ತಿತ್ತು. ಪಕ್ಕದಲ್ಲಿ ಅಡುಗೆಮನೆಯ ಈರುಳ್ಳಿ ಹೆಚ್ಚುವ ಚಾಕು. ಅದರ ಜೊತೆಗೆ, ಒಂದು ಬದಿ ಕಂದು ಪೊರೆ ಕಟ್ಟಿದ್ದ ತೆಳ್ಳನೆಯ ಹೋಳು.

ಒಳಗಿನಿಂದ ಅವಳು ಕೂಗಿದಳು: "ಪೊರೆ ಕಟ್ಟಿತೇನ್ರೀ?"