ಹೆಣ್ಣಿನ ಕಡೆಯವಳು

ಗಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು ಗಟ್ಟಿಯಾಗಿ ನಿಂತುಬಿಟ್ಟಳು. ಹೊರಗೆ ಮೆಟ್ಟಿಲ ಮೇಲೆ ಮದುಮಗ ಡೆರೆಕ್, ಅವನ ಬೆನ್ನಿಗೆ ಅಮೆರಿಕದಿಂದ ಬಂದಿಳಿದ ಬಳಗ. ಒಳಗೆ ಬಿಳಿ ಗೌನಿನ ಮೇಲೆ ಕೆಂಪು ರೇಷ್ಮೆಯ ಶಾಲು ಹೊದ್ದ ಮದುಮಗಳು ಯೂಲಿನ್ ನಗು ತಡೆಯಲಾರದೆ ಕೂತಿದ್ದಳು.

ಚೀನೀ ಪದ್ಧತಿಯಲ್ಲಿ ಹೆಣ್ಣಿನ ಕಡೆಯವರು ಬಾಗಿಲಿಗೆ ಅಡ್ಡ ನಿಂತು, ಗಂಡನ್ನು ಚೆನ್ನಾಗಿ ಗೋಳುಹೊಯ್ದುಕೊಂಡೇ ಒಳಗೆ ಬಿಡಬೇಕು. ಆದರೆ ಚೀನಾದಲ್ಲಿ ಸಾರ್ಸ್ ಜ್ವರ ಹಬ್ಬಿ ಯೂಲಿನ್‌ಳ ಹೆತ್ತವರ ಪ್ರಯಾಣವೇ ರದ್ದಾಗಿತ್ತು. ಹೆಣ್ಣಿನ ಕಡೆ ಅಂತ ಒಂದು ನರಪಿಳ್ಳೆಯೂ ಇಲ್ಲ. ತಡೆಯುವವರಿಲ್ಲದೆ ಹೋಗುವ ಹುಡುಗಿ ಯಾರಿಗೂ ಬೇಡವಾದವಳು ಎಂದು ನಿನ್ನೆ ಅವಳು ಮೇಲಿನ ಮಹಡಿಯ ಗಂಗವ್ವನ ಮನೆಗೆ ಬಂದು ಅತ್ತಿದ್ದಳು. ಜರ್ಮನಿಯವರದೇ ಗ್ರೀನ್ ಕಾರ್ಡ್ ಸಿಕ್ಕು ಅಲ್ಲಿನ ಫೊಯರ್‌ಬಾಕಿಗೆ ಬಂದ ಮಗನ ಆ ಮನೆಯಲ್ಲಿ, ಭಾಷೆ ಬಾರದಿದ್ದರೂ ಇದೇ ಹುಡುಗಿಯ ಜತೆ ಚಪಾತಿ ಲಟ್ಟಿಸುತ್ತ ಮಧ್ಯಾಹ್ನ ಕಳೆದಿದ್ದ ಗಂಗವ್ವ ಅವಳ ಕಣ್ಣೊರೆಸಿದ್ದಳು. "ನಾ ಇದ್ದೀನಲ್ಲ, ಹೆಂಗ ಒಯ್ತಾನ ನೋಡೂಣು" ಎಂದುಬಿಟ್ಟಿದ್ದಳು.

ಡೆರೆಕ್ ಕೆಂಪು ಲಕೋಟೆ ಚಾಚಿದ. ಬಾಗಿಲು ಬಿಡಿಸಲು ಅದು ಚೀನೀಯರ ಲಂಚ. ಗಂಗವ್ವ ಕಣ್ಣೆತ್ತಿಯೂ ನೋಡಲಿಲ್ಲ.

"ರೊಕ್ಕ ಕಿಸೆದಾಗ ಇಟಗೊ ಅನ್ನು. ಹೇಣ್ತಿಯಾಗಾಕಿ ಹೆಸರು ಹೇಳಲಿ."

ಮಗ ಚನ್ನಮಲ್ಲಪ್ಪ ಇಂಗ್ಲಿಷಿನಲ್ಲಿ ಹೇಳಿದ. "ಯೂಲಿನ್" ಅಂದ ಡೆರೆಕ್, ಇಷ್ಟೇನಾ ಎನ್ನುವ ಹಾಗೆ.

"ಹಂಗ ಕೂಗಾಕ ಆಕಿ ನಿಮ್ಮನಿ ಆಳೇನು? ಒಡಪು ಹಾಕಿ ಹೇಳಬೇಕು." ಹುಬ್ಬಳ್ಳಿ ಕಡೆ ಹೊಸ್ತಿಲ ಮುಂದೆ ಹೆಂಡತಿಯ ಹೆಸರನ್ನು ಪ್ರಾಸ ಕಟ್ಟಿಯೇ ಹೇಳಬೇಕು, ಬರಿದೆ ಹೇಳಿದರೆ ನಡೆಯುವುದಿಲ್ಲ.

"ಯವ್ವಾ, ಲಗ್ನದ ಆಫೀಸಿನ್ಯಾಗ ಟರ್ಮಿನ್ ಐತಿ, ಹೊತ್ತು ಗೊತ್ತು ಮಾಡ್ಯಾರ. ತಪ್ಪಿದ್ರ ಲಗ್ನಾನ ಮುಂದಕ್ಕ ಹೋಗತೈತಿ."

"ಹೋಗಲಿ. ಪುಗಸಟ್ಟಿ ಕೊಡಾಕ ನಮ್ಮ ಹುಡುಗಿ ದಾರ್ಯಾಗ ಸಿಕ್ಕಾಳೇನು?"

ಡೆರೆಕ್ ತಲೆ ಕೆರೆದುಕೊಂಡ, ಟೈ ಸಡಿಲಿಸಿದ, ಏನೇನೋ ತೊದಲಿದ. ಅವನು ಹೇಳಿದ್ದು ಅರ್ಧ, ಚನ್ನಮಲ್ಲಪ್ಪ ಸೇರಿಸಿದ್ದು ಅರ್ಧ:

"ಫೊಯರ್‌ಬಾಕಿನ ಮಳಿಯಾಗ ಛತ್ರಿ ಮರತೇನು, ಚಳಿಯಾಗ ಟೊಪ್ಪಿಗಿ ಮರತೇನು, ಯೂಲಿನ್ ಕೈ ಹಿಡದ ಮ್ಯಾಲ ಅಮೆರಿಕಾನ ಮರತೇನು."

ಮೆಟ್ಟಿಲ ತುಂಬ ಚಪ್ಪಾಳೆ. ಗಂಗವ್ವ ಮುಖ ಅರಳಿಸಿ ಕೈ ಇಳಿಸಿದಳು. ಯೂಲಿನ್ ಎದ್ದು ಬರುವಷ್ಟರಲ್ಲಿ ಗಂಗವ್ವನಿಗೆ ಇನ್ನೊಂದು ಅನುಮಾನ.

"ಚನ್ನಾ, ಅಮೆರಿಕಾದವ್ರ ಪದ್ಧತಿಯೊಳಗ ಹುಡುಗಿನ್ನ ಯಾರು ಕೊಡತಾರ?"

"ಅಪ್ಪ ಕೈ ಹಿಡಕೊಂಡು ಹೋಗಿ ಕೊಡತಾನ. ಇಕಿ ಒಬ್ಬಾಕಿನ ಹೋಗತಾಳಂತ."

ಗಂಗವ್ವ ಯೂಲಿನ್‌ಳ ತೋಳಿಗೆ ತೋಳು ಸೇರಿಸಿದಳು. ಮದುಮಗಳ ಕೈಗೆಂದು ಡೆರೆಕ್ ಚಾಚಿದ ಕೈಯನ್ನು ಮೆಲ್ಲಗೆ ಸರಿಸಿ, "ಈಗಲ್ಲೋ ತಮ್ಮಾ" ಅಂದಳು.

ಕೆಳಗೆ ರಿಬ್ಬನ್ ಕಟ್ಟಿದ ಕಾರಿನ ಹಿಂದಿನ ಸೀಟಿನಲ್ಲಿ ಆ ಬದಿಗೆ ಮದುಮಗ, ಈ ಬದಿಗೆ ಮದುಮಗಳು, ನಡುವೆ ಗಂಗವ್ವ. ಮುಂದೆ ಕೂತ ಚನ್ನಮಲ್ಲಪ್ಪ ನಾಚಿಕೆಯಿಂದ ತಿರುಗಿ ನೋಡಿದ. ಅವಳು ಯೂಲಿನ್‌ಳ ಕೈಯನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡೇ ಹೇಳಿದಳು:

"ಕೊಡೂತನಕ ಆಕಿ ನಮ್ಮಾಕಿ."